‘ಬೌ’ ಅಂದರೂ ಓದಿದ ಹಾಗೇ

ಶೃಂಗೇರಿಯಲ್ಲಿ ಅಕ್ಷರಾಭ್ಯಾಸ ಮಾಡಿಸಲು ದಿನ ನೋಡಿ ಆಗಿತ್ತು. ಮಗುವಿಗೆ ಎರಡೂಮುಕ್ಕಾಲು ವರ್ಷ. ಬಾಯಲ್ಲಿ ಇದ್ದದ್ದು ಹತ್ತೋ ಹನ್ನೆರಡೋ ಮಾತು. ‘ಮೇಡಂ, ಇವನಿಗಿನ್ನೂ ಮಾತೇ ಸರಿಯಾಗಿ ಬಂದಿಲ್ಲ. ಅಕ್ಷರಾಭ್ಯಾಸ ಮುಂದಕ್ಕೆ ಹಾಕಿಬಿಡೋಣವಾ?’ ಎಂದು ತಾಯಿ ಕೇಳಿದರು. ಅಕ್ಕಿಯ ಮೇಲೆ ಬೆರಳಾಡಿಸಿದರೆ ಏನೂ ತೊಂದರೆಯಿಲ್ಲ, ಧಾರಾಳವಾಗಿ ಹೋಗಿಬನ್ನಿ ಅಂದೆ. ಮಾತಾಡುತ್ತಾ ಇನ್ನೊಂದು ವಿಷಯ ಹೊರಬಂತು. ಮನೆಯಲ್ಲಿದ್ದ ಚಿತ್ರದ ಪುಸ್ತಕಗಳೂ ಅಟ್ಟ ಸೇರಿದ್ದವು. ಮಾತು ಬಂದಮೇಲೆ ಇಳಿಸಿದರಾಯಿತು ಅಂತ.

ವಾಕ್ ಚಿಕಿತ್ಸೆಗೆ ಬರುವ ಮನೆಯವರಿಂದ ನಾನು ಮತ್ತೆ ಮತ್ತೆ ಕೇಳುವ ಲೆಕ್ಕ ಇದು. ಮೊದಲು ಮಾತು, ಆಮೇಲೆ ಪುಸ್ತಕ. ನನ್ನ ಲೆಕ್ಕ ಉಲ್ಟಾ. ಮಾತು ತಡವಾದ ಮಗುವಿಗೇ ಪುಸ್ತಕ ಜಾಸ್ತಿ ಬೇಕು. ಬೀದಿಯ ನಾಯಿ ನಾವು ಹೆಸರು ಹೇಳುವಷ್ಟರಲ್ಲಿ ಓಡಿಹೋಗಿರುತ್ತದೆ. ಪುಟದ ಮೇಲಿನ ನಾಯಿ ಹತ್ತು ಸಲ ನೋಡಿದರೂ ಅಲ್ಲೇ ಕೂತಿರುತ್ತದೆ. ಅದೂ ಅಲ್ಲದೆ, ಎಳವೆಯಲ್ಲಿ ಮಾತು ತಡವಾದ ಮಕ್ಕಳಲ್ಲಿ ಕೆಲವರಿಗೆ ಮುಂದೆ ಶಾಲೆಯಲ್ಲಿ ಓದೂ ಕಷ್ಟವಾಗುತ್ತದೆ. ಅದು ಯಾರಿಗೆ ಅಂತ ಎರಡನೇ ವರ್ಷಕ್ಕೇ ಹೇಳಲು ಬರುವುದಿಲ್ಲ. ಹಾಗಾಗಿ ಎಲ್ಲರಿಗೂ ಈಗಲೇ ಶುರು ಮಾಡುವುದು ಒಳ್ಳೆಯದು.

ಪುಸ್ತಕ ತರಿಸಿ ತಾಯಿ ಮಗ ಇಬ್ಬರನ್ನೂ ಚಾಪೆಯ ಮೇಲೆ ಕೂರಿಸಿದೆ. ‘ಇದೇನು? ಹೇಳು ಪುಟ್ಟಾ, ಇದೇನು? ನಾಯಿ ಅನ್ನು. ಡಾಗ್ ಅನ್ನು.’ ಒಂದೇ ಪುಟಕ್ಕೆ ತಾಯಿಯಿಂದ ಏಳು ಪ್ರಶ್ನೆ ಬಂದವು. ಅವನು ಪುಸ್ತಕ ಮುಚ್ಚಿ ಕಿಟಕಿ ಕಡೆ ನಡೆದ. ಬಿಟ್ಟಿದ್ದರೆ ನಾವೂ ಪರೀಕ್ಷೆ ಹಾಲಿನಿಂದ ಹಾಗೇ ಎದ್ದುಹೋಗುತ್ತಿದ್ದೆವು, ಅಲ್ವಾ?

ಎರಡನೇ ಸಲ ತಾಯಿಗೆ ಹೇಳಿದ್ದು ಇಷ್ಟೇ. ಪ್ರಶ್ನೆ ಬೇಡ. ಅವನು ಬೆರಳಿಟ್ಟ ಕಡೆ ನೀವೂ ನೋಡಿ. ಒಂದು ಮಾತು ಹೇಳಿ. ಆಮೇಲೆ ಮನಸ್ಸಿನಲ್ಲೇ ಹತ್ತು ಎಣಿಸಿ. ಇದೆಷ್ಟು ಕಷ್ಟ ಅಂತ ಮಾಡಿ ನೋಡಿದವರಿಗೇ ಗೊತ್ತು. ಮೂರಕ್ಕೇ ನಮ್ಮ ಬಾಯಿ ತುರಿಸುತ್ತದೆ. ಅವನು ಬಾಲ ಮುಟ್ಟಿದ. ‘ನಾಯಿ ಬಾಲ’ ಅಂದು ತಾಯಿ ಸುಮ್ಮನಾದರು. ಐದು, ಆರು, ಏಳು...

‘ಬೌ.’

‘ಹೌದು, ಬೌ ಬೌ! ನಾಯಿ ಬೌ ಬೌ ಅಂತಿದೆ.’

ಅವನು ಕೊಟ್ಟ ಒಂದು ಮಾತಿಗೆ ಅವರು ಎರಡು ಸೇರಿಸಿ ವಾಪಸ್ ಕೊಟ್ಟರು. ತೀರಾ ಸರಳ ಅನ್ನಿಸುತ್ತದೆ. ಆದರೆ 1988ರಲ್ಲಿ ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞ ವೈಟ್‌ಹರ್ಸ್ಟ್ ಮತ್ತು ಜೊತೆಗಾರರು ಎರಡು–ಮೂರು ವರ್ಷದ ಮಕ್ಕಳ ತಂದೆತಾಯಿಗೆ ಇಂಥದ್ದನ್ನೂ ಕಲಿಸಿದ್ದರು. ಓದುವಾಗ ಮಗುವಿಗೆ ಜಾಗ ಬಿಡಿ, ಅದು ಹೇಳಿದ್ದನ್ನು ಬೆಳೆಸಿ ಅಂತ. ಒಂದೇ ತಿಂಗಳಲ್ಲಿ ಆ ಮಕ್ಕಳ ಮಾತು ಮುಂದೆ ಹೋಗಿತ್ತು. ಅವರು ಮಾತು ತಡವಾದ ಮಕ್ಕಳಲ್ಲ, ನಿಜ. ಆಮೇಲೆ ಅಂಥ ಮಕ್ಕಳಿಗೂ ಈ ದಾರಿ ಬಳಕೆಗೆ ಬಂತು.

ನಮ್ಮ ಭಾಷೆಯಲ್ಲಿ ಇದಕ್ಕೆ ಒಂದು ದೊಡ್ಡ ಅನುಕೂಲ ಇದೆ. ದಬ್, ಢಣ್, ಪಟಪಟ, ಗುಡುಗುಡು, ಬಳಬಳ. ಕನ್ನಡದಲ್ಲಿ ಏನೇ ನಡೆದರೂ ಅದಕ್ಕೊಂದು ಸದ್ದಿನ ಮಾತು ಸಿಗುತ್ತದೆ. ‘ಬಿದ್ದುಬಿಟ್ಟಿತು’ ಅನ್ನಲು ಆಗದ ಮಗು ‘ದಬ್’ ಅನ್ನಬಲ್ಲದು. ಪ್ರತಿ ದಿನ ಒಂದೇ ಪುಸ್ತಕ ಓದಿ, ಅದೇ ಜಾಗದಲ್ಲಿ ‘ಮಡಕೆ ಬಿತ್ತು...’ ಅಂತ ನಿಲ್ಲಿಸಿ. ನಾಲ್ಕನೆಯ ದಿನವೋ ಹದಿನಾಲ್ಕನೆಯ ದಿನವೋ ‘ದಬ್’ ಮಗುವಿನಿಂದಲೇ ಬರುತ್ತದೆ. ನಮಗೆ ಬೇಜಾರಾಗಬಹುದು, ಮಕ್ಕಳಿಗೆ ಆಗುವುದಿಲ್ಲ.

ಹಾಗಾದರೆ ಅಕ್ಷರ ಯಾವಾಗ? ಮೊಬೈಲ್ ನೋಡಿ ಏ ಟು ಝಡ್ ಒಪ್ಪಿಸುವ, ಆದರೆ ‘ನೀರು ಬೇಕು’ ಎನ್ನಲು ಬಾರದ ಮಕ್ಕಳು ನನ್ನಲ್ಲಿಗೆ ಬರುತ್ತಲೇ ಇರುತ್ತಾರೆ. ಅದು ಓದಲ್ಲ. ಈ ವಯಸ್ಸಿಗೆ ಓದು ಅಂದರೆ ಪುಸ್ತಕದ ತಲೆ ಯಾವುದು, ಕಾಲು ಯಾವುದು ಎಂದು ತಿಳಿಯುವುದು, ಹಾಳೆ ತಿರುಗಿಸುವುದು, ಹಾಲಿನ ಪ್ಯಾಕೆಟ್ಟಿನ ಮೇಲಿನ ‘ನಂದಿನಿ’ ಕಂಡ ಕೂಡಲೇ ‘ಹಾಲು’ ಎನ್ನುವುದು. ಮೂರು ದಾಟಿದ ಮೇಲೆ ಚಪ್ಪಾಳೆ ತಟ್ಟಿ ‘ಬಾ-ಳೆ’, ‘ಮ-ಡ-ಕೆ’ ಅಂತ ಮಾತು ಬಿಡಿಸುವ ಆಟ ಆಡಿ. ಇಂಥ ಮಾತುಗಳಲ್ಲಿ ಒಂದು ಚಪ್ಪಾಳೆಗೆ ಒಂದು ಅಕ್ಷರ ಸರಿಯಾಗಿ ಕೂರುತ್ತದೆ. ‘ಅಜ್ಜಿ’ ಬಂದರೆ ತಕರಾರು. ಬಾಯಿ ‘ಅಜ್-ಜಿ’ ಅನ್ನುತ್ತದೆ, ಬರೆಯುವುದು ‘ಅ’, ‘ಜ್ಜಿ’. ಒತ್ತಕ್ಷರದ ರಗಳೆ ಶಾಲೆಗೇ ಇರಲಿ.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಎರಡು ವರ್ಷ ತುಂಬಿದರೂ ಐವತ್ತು ಮಾತು ಇಲ್ಲ, ‘ಅಮ್ಮ ಬಾ’ ಅಂತ ಎರಡು ಮಾತು ಜೋಡಿಸುತ್ತಿಲ್ಲ ಅಂದರೆ ತೋರಿಸಿ. ಬಂದ ಮಾತು ನಿಂತುಹೋದರೆ ಯಾವ ವಯಸ್ಸಾದರೂ ತಕ್ಷಣ ತೋರಿಸಿ. ಮೊದಲು ಕಿವಿ ಪರೀಕ್ಷೆ, ಆಮೇಲೆ ಉಳಿದದ್ದು. ನಾಲಿಗೆಗೆ ಬಜೆ ತಿಕ್ಕುತ್ತಾ ವರ್ಷ ಕಳೆಯಬೇಡಿ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ 1965ರಿಂದ ಇದೇ ಕೆಲಸಕ್ಕೆ ಇದೆ. ಮನೆಮಾತು ತುಳುವೋ ಉರ್ದುವೋ ತೆಲುಗೋ ಆಗಿದ್ದರೆ ಅದನ್ನು ಬಿಡಬೇಡಿ. ಎರಡು ಭಾಷೆ ಕಿವಿಗೆ ಬಿದ್ದದ್ದಕ್ಕೆ ಮಾತು ತಡವಾಗುವುದಿಲ್ಲ. ಚಿತ್ರದ ಪುಸ್ತಕವನ್ನು ಯಾವ ಭಾಷೆಯಲ್ಲಿ ಬೇಕಾದರೂ ಓದಬಹುದು.

ಅಕ್ಷರ ಬಾರದವರೂ ಓದಬಹುದು. ಆ ಹುಡುಗನನ್ನು ಎರಡು ತಿಂಗಳ ನಂತರ ಅಜ್ಜಿ ಕರೆತಂದರು. ‘ನಂಗೆ ಓದೋಕೆ ಬರಲ್ಲಮ್ಮ, ಚಿತ್ರ ನೋಡ್ಕೊಂಡು ಏನೋ ಹೇಳ್ತೀನಿ’ ಅಂತ ಸಂಕೋಚದಿಂದ ಅಂದರು. ಅವನು ಕಪಾಟಿನಿಂದ ಒಂದು ಪುಸ್ತಕ ಎಳೆದು ತಂದು ಅಜ್ಜಿಯ ತೊಡೆಯ ಮೇಲೆ ಇಟ್ಟ. ತಲೆಕೆಳಗಾಗಿತ್ತು. ಒಂದು ಕ್ಷಣ ನೋಡಿದ. ತಾನೇ ತಿರುಗಿಸಿ ಸರಿಮಾಡಿದ. ಆಮೇಲೆ ಅಜ್ಜಿಯ ಬೆರಳು ಹಿಡಿದು ಚಿತ್ರದ ಮೇಲೆ ಇಟ್ಟ.