ತಗಡಿನ ಶೆಡ್ಡಿನಲ್ಲಿ ಒಂಬತ್ತು ಪ್ರಶ್ನೆಗಳು

ಸಾಂಕ್ರಾಮಿಕದ ಹೊತ್ತಿನಲ್ಲಿ ವಲಸೆ ಕಾರ್ಮಿಕರ ಮನಸ್ಸಿನ ಸ್ಥಿತಿ ಅರಿಯಲು ಶೆಡ್ಡುಗಳಿಗೆ ಹೋಗುವವರ ಕೈಯಲ್ಲಿ ಸಾಮಾನ್ಯವಾಗಿ ಪಿಎಚ್‌ಕ್ಯೂ-9 ಎಂಬ ಪ್ರಶ್ನಾವಳಿ ಇರುತ್ತದೆ. ಕಳೆದ ಎರಡು ವಾರಗಳ ಬಗ್ಗೆ 9 ಪ್ರಶ್ನೆ, ಪ್ರತಿಯೊಂದಕ್ಕೂ 0ಯಿಂದ 3 ಅಂಕ. ಒಟ್ಟು 10 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಖಿನ್ನತೆಯ ಶಂಕೆ.

ಎಡವಟ್ಟಾಗುವುದು ಇಲ್ಲೇ. ಒಂಬತ್ತರಲ್ಲಿ ಮೂರು ಪ್ರಶ್ನೆಗಳು ನಿದ್ದೆ, ಸುಸ್ತು ಮತ್ತು ಊಟಕ್ಕೆ ಸೇರಿದವು. ನಿದ್ದೆ ಹತ್ತಬೇಕಾದರೆ ದೇಹದ ಒಳಗಿನ ಉಷ್ಣತೆ ತುಸು ಇಳಿಯಬೇಕು. ಕಿಟಕಿಯಿಲ್ಲದ ಕೋಣೆಯಲ್ಲಿ ಎಂಟು ಮಂದಿ ಒತ್ತೊತ್ತಾಗಿ ಮಲಗಿದರೆ ಅದು ಇಳಿಯುವುದು ಕಷ್ಟ. ಊಟ ಸೇರುತ್ತಿಲ್ಲವೇ ಎಂದು ಕೇಳಿದರೆ, ಊಟವೇ ಇಲ್ಲದವನೂ ಹೌದೆನ್ನುತ್ತಾನೆ. ಈ ಮೂರರಿಂದಲೇ 9 ಅಂಕ ತುಂಬಬಹುದು. ಅಂಥವರಿಗೆ ಮಾತ್ರೆಗಿಂತ ಮೊದಲು ಬೇಕಾದದ್ದು ಅಕ್ಕಿ, ಬಾಕಿ ಕೂಲಿ, ಗಾಳಿಯಾಡುವ ಜಾಗ.

ಉಲ್ಟಾ ತಪ್ಪೂ ಆಗುತ್ತದೆ. ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆ ಕುರಿತದ್ದು. ಮೇಸ್ತ್ರಿ ಪಕ್ಕದಲ್ಲೇ ನಿಂತಿದ್ದರೆ ಉತ್ತರ ಸೊನ್ನೆಯೇ. ಅದನ್ನು ಬೇರೆಯಾಗಿ ಕರೆದು, ಅವರದೇ ಭಾಷೆಯಲ್ಲಿ, ನೇರವಾಗಿ ಕೇಳಬೇಕು. ಕೇಳಿದ್ದರಿಂದ ಆ ಯೋಚನೆ ಹುಟ್ಟುವುದಿಲ್ಲ. ಇಲ್ಲಿ 1 ಅಂಕ ಬಂದರೂ ಒಟ್ಟು ಮೊತ್ತ ನೋಡುತ್ತ ಕೂರಬಾರದು. ಹೇಗೆ, ಯಾವಾಗ ಎಂದು ಯೋಚಿಸಿದ್ದಾರೆಯೇ ಎಂದು ವಿಚಾರಿಸಿ, ಹಗ್ಗ, ವಿಷದಂಥದ್ದು ಕೈಗೆಟುಕದಂತೆ ಮಾಡಬೇಕು. ಅಪಾಯ ಹತ್ತಿರವಿದೆ ಅನಿಸಿದರೆ ವೈದ್ಯರ ಬಳಿ ತಲುಪುವವರೆಗೆ ಒಬ್ಬರೇ ಇರಲು ಬಿಡಬಾರದು.

ಫೋನ್ ಸಹಾಯವಾಣಿ ಇದೆಯಲ್ಲ ಎನ್ನುವವರು ಆ ಕೋಣೆಯಲ್ಲಿ ಫೋನು ಎತ್ತಿ ನೋಡಬೇಕು. ಕರೆನ್ಸಿ ಇಲ್ಲ, ಚಾರ್ಜಿಗೆ ಒಂದೇ ಪ್ಲಗ್ಗು, ಏಳು ಜೊತೆ ಕಿವಿ. ಮಿಸ್ಡ್ ಕಾಲ್ ನೋಡಿ ಆ ಕಡೆಯಿಂದಲೇ ಕರೆ ಮಾಡುವುದು, ಹೌದು–ಇಲ್ಲ ಎಂದಷ್ಟೇ ಹೇಳಿದರೆ ಸಾಕಾಗುವಂತೆ ಪ್ರಶ್ನೆ ಕೇಳುವುದು ಇಂಥಲ್ಲಿ ಕೆಲಸಕ್ಕೆ ಬರುತ್ತದೆ. ಊರಿಗೆ ಮಾತಾಡಲು ರೀಚಾರ್ಜ್ ಮಾಡಿಸಿಕೊಟ್ಟರೆ ಅದೂ ಚಿಕಿತ್ಸೆಯೇ.

ವಿಶ್ವ ಆರೋಗ್ಯ ಸಂಸ್ಥೆ ಮಾನಸಿಕ ಪ್ರಥಮ ಚಿಕಿತ್ಸೆಯನ್ನು ಮೂರು ಕೆಲಸಗಳಾಗಿ ಹೇಳುತ್ತದೆ: ನೋಡು, ಆಲಿಸು, ಜೋಡಿಸು. ಶೆಡ್ಡುಗಳಲ್ಲಿ ಮೂರನೆಯದೇ ಹೆಚ್ಚು ತೂಕದ್ದು. ಪಡಿತರ, ಕೂಲಿ, ಊರಿಗೆ ಮರಳುವ ವಾಹನ, ಆಸ್ಪತ್ರೆ ಇವುಗಳಿಗೆ ದಾರಿ ಮಾಡಿಕೊಡುವುದೇ ಜೋಡಿಸುವುದು. ಮಾಹಿತಿ ಕೊಡುವಾಗ ‘ಬೇಗ ಕಳಿಸುತ್ತೇವೆ’ ಅನ್ನುವುದು ಕೆಟ್ಟ ಉತ್ತರ. ‘ಇನ್ನೂ ಗೊತ್ತಾಗಿಲ್ಲ, ಗುರುವಾರ ಬೆಳಿಗ್ಗೆ ಬಂದು ಹೇಳುತ್ತೇವೆ’ ಎಂದು ಹೇಳಿ, ಗುರುವಾರ ಬರಲೇಬೇಕು. ಕೊನೆಯಿಲ್ಲದ ಅನಿಶ್ಚಿತತೆ ಕೆಟ್ಟ ಸುದ್ದಿಗಿಂತ ಹೆಚ್ಚು ಹಿಂಡುತ್ತದೆ.

ಮದ್ಯದಂಗಡಿಗಳು ದಿಢೀರ್ ಮುಚ್ಚಿದರೆ ಇನ್ನೊಂದು ಅಪಾಯವಿದೆ. ದಿನವೂ ವಿಪರೀತ ಕುಡಿಯುತ್ತಿದ್ದವರಿಗೆ ಒಂದು ದಿನದೊಳಗೆ ಕೈ ನಡುಕ, ಬೆವರು. ಮೊದಲ 48 ಗಂಟೆಗಳಲ್ಲಿ ಫಿಟ್ಸ್. ಎರಡನೆಯ ದಿನದಿಂದ ನಾಲ್ಕನೆಯ ದಿನದ ನಡುವೆ ಭ್ರಮೆ, ದಿಕ್ಕುತಪ್ಪಿದ ಮಾತು ಬರಬಹುದು. ಜೊತೆಗಾರರು ಇದನ್ನು ಸೋಂಕಿನ ಜ್ವರವೆಂದೋ ಗಾಳಿ ಸೋಕಿದ್ದೆಂದೋ ಭಾವಿಸಿ ಮೂಲೆಯಲ್ಲಿ ಮಲಗಿಸುವುದುಂಟು. ಹಾಗೆ ಬಿಟ್ಟರೆ ಜೀವ ಹೋಗಬಹುದು. ತಕ್ಷಣ ಆಸ್ಪತ್ರೆಗೆ ಒಯ್ದು, ಕುಡಿತ ನಿಂತು ಎಷ್ಟು ಗಂಟೆಯಾಯಿತೆಂದು ವೈದ್ಯರಿಗೆ ಮೊದಲೇ ಹೇಳಬೇಕು.