ಬಿಪಿ ಏರಿಲ್ಲ, ಆದ್ರೂ ಡ್ರಿಪ್ಸ್ ಯಾಕೆ ನಿಲ್ಲಿಸಿದರು?

ಓದುಗರ ಪ್ರಶ್ನೆ: "ಅಪ್ಪನಿಗೆ ಸೋಂಕು ಮೈಯೆಲ್ಲ ಹರಡಿ ಬಿಪಿ ಬಿದ್ದುಹೋಗಿತ್ತು. ಎಮರ್ಜೆನ್ಸಿಯಲ್ಲಿ ನಾಲ್ಕು ಬಾಟಲಿ ಡ್ರಿಪ್ಸ್ ಹಾಕಿ ನಿಲ್ಲಿಸಿಬಿಟ್ಟರು. ಇನ್ನೆರಡು ಹಾಕಿದ್ರೆ ಏನಾಗ್ತಿತ್ತು?"

ಬಾಟಲಿ ನೇತಾಡುತ್ತಿದ್ದರೆ ನಮಗೆ ಸಮಾಧಾನ, ಸ್ಟ್ಯಾಂಡ್ ಖಾಲಿಯಾದರೆ ಕೈಬಿಟ್ಟರೇನೋ ಅನ್ನುವ ಭಯ. ಸುಮ್ನೆ ಸುಸ್ತಾದರೂ "ಒಂದು ಗ್ಲೂಕೋಸ್ ಏರಿಸಿ ಡಾಕ್ಟ್ರೇ" ಅನ್ನುವವರು ನಾವು. (ಶೇ. 5ರ ಅರ್ಧ ಲೀಟರ್ ಗ್ಲೂಕೋಸ್ ಬಾಟಲಿಯಲ್ಲಿ ಇರೋದು 25 ಗ್ರಾಂ ಸಕ್ಕರೆ. ದೊಡ್ಡ ಲೋಟ ಪಾನಕದಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತೆ.)

ನಿಮ್ಮ ತಂದೆಗೆ ಆಗಿದ್ದು ಸೆಪ್ಸಿಸ್ ಇರಬೇಕು. ಇದರಲ್ಲಿ ರಕ್ತನಾಳಗಳು ಸಡಿಲವಾಗಿ ಹಿಗ್ಗುತ್ತವೆ, ಅದರ ಜೊತೆಗೆ ಸೋರುತ್ತವೆ ಕೂಡ. ಮೊದಲು ಸಲೈನ್ ಹಾಕಿದಾಗ ಬಿಪಿ ಸ್ವಲ್ಪ ಏರುತ್ತೆ. ಹಾಕುತ್ತಲೇ ಹೋದರೆ ಆ ನೀರು ನಾಳದಲ್ಲಿ ನಿಲ್ಲದೆ ಶ್ವಾಸಕೋಶಕ್ಕೆ ಇಳಿದು, ಬಿಪಿ ಸರಿಹೋಗುವ ಮೊದಲೇ ಉಸಿರಾಟ ಕಷ್ಟವಾಗಬಹುದು. 2021ರ ಅಂತರರಾಷ್ಟ್ರೀಯ ಸೆಪ್ಸಿಸ್ ಮಾರ್ಗಸೂಚಿ ಮೊದಲ ಮೂರು ಗಂಟೆಯಲ್ಲಿ ಕೆಜಿಗೆ ಕನಿಷ್ಠ 30 ಮಿಲಿ ಕೊಡಿ ಅಂತ ಸಲಹೆ ಮಾಡುತ್ತೆ. 60 ಕೆಜಿ ತೂಕದವರಿಗೆ 1,800 ಮಿಲಿ ಆಯ್ತು, ಅಂದರೆ ನಿಮ್ಮ ಆ ನಾಲ್ಕು ಬಾಟಲಿಯ ಹತ್ತಿರ ಹತ್ತಿರ! ಅಷ್ಟಾದರೂ ಬಿಪಿ ಏರದಿದ್ದರೆ ಸಾಮಾನ್ಯವಾಗಿ ನಾಳಗಳನ್ನು ಬಿಗಿಗೊಳಿಸುವ ನಾರ್‌ಅಡ್ರಿನಲಿನ್ ಅನ್ನುವ ಔಷಧ ಶುರು ಮಾಡುತ್ತಾರೆ. ಪಕ್ಕದಲ್ಲಿ ಅದನ್ನು ಹರಿಸುವ ಸಣ್ಣ ಸಿರಿಂಜ್ ಪಂಪ್ ಒಂದು ಓಡುತ್ತಿತ್ತಾ, ನೆನಪಿಸಿಕೊಳ್ಳಿ.

ಹಿಂದೆ ಡಾಕ್ಟರುಗಳೂ ಧಾರಾಳವಾಗಿಯೇ ಸುರಿಯುತ್ತಿದ್ದರು. 2011ರಲ್ಲಿ ದೊಡ್ಡ ಪೆಟ್ಟು ಬಿತ್ತು. ಕೀನ್ಯಾ, ಉಗಾಂಡಾ, ಟಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ಬಂದ, ರಕ್ತಸಂಚಾರ ಕುಂದಿದ್ದ 3,141 ಮಕ್ಕಳ ಮೇಲೆ ಫೀಸ್ಟ್ ಅನ್ನುವ ಅಧ್ಯಯನ ನಡೆದಿತ್ತು. ಬೇಗ ಬೇಗ ದ್ರವ ಹರಿಸಿದ ಗುಂಪುಗಳಲ್ಲಿ 48 ಗಂಟೆಯೊಳಗೆ ಸುಮಾರು ಶೇ. 10.5 ಮಕ್ಕಳು ತೀರಿಕೊಂಡರು, ಹಾಗೆ ಹರಿಸದ ಗುಂಪಿನಲ್ಲಿ ಶೇ. 7.3. ಒಳ್ಳೆಯದಾಗಲಿ ಅಂತ ಮಾಡಿದ್ದೇ ಮುಳುವಾಗಿತ್ತು. 2017ರಲ್ಲಿ ಜಾಂಬಿಯಾದಿಂದ, ಬಹುಪಾಲು ಎಚ್‌ಐವಿ ಇದ್ದ ದೊಡ್ಡವರಲ್ಲೂ ಅಂಥದ್ದೇ ಸುದ್ದಿ ಬಂತು.

ಹಾಗಂತ ಕಡಿಮೆ ಹಾಕಿದಷ್ಟೂ ಒಳ್ಳೇದು ಅಂತಲೂ ಅಲ್ಲ. ಯುರೋಪಿನ ಐಸಿಯುಗಳಲ್ಲಿ ನಡೆದು 2022ರಲ್ಲಿ ಹೊರಬಂದ ಕ್ಲಾಸಿಕ್ ಅಧ್ಯಯನದಲ್ಲಿ ಕಡಿಮೆ ಹಾಕಿದವರಲ್ಲೂ ಎಂದಿನಂತೆ ಹಾಕಿದವರಲ್ಲೂ 90 ದಿನಗಳ ಸಾವು ಒಂದೇ, ಹೆಚ್ಚುಕಡಿಮೆ ಶೇ. 42. ಮರುವರ್ಷ ಅಮೆರಿಕದ ಕ್ಲೋವರ್ಸ್ ಅಧ್ಯಯನದಲ್ಲೂ ವ್ಯತ್ಯಾಸ ಕಾಣಲಿಲ್ಲ. ಒಂದೇ ಅಳತೆ ಎಲ್ಲರಿಗೂ ಹೊಂದಲ್ಲ ಅಂತ ನಾನು ಇದನ್ನು ಓದಿಕೊಳ್ಳುತ್ತೇನೆ. ವಾಂತಿಭೇದಿಯಲ್ಲಿ ನೀರು ಕಳೆದುಕೊಂಡವರಿಗೆ ಬಾಟಲಿಗಳು ಬೇಕೇ ಬೇಕು (ಫೀಸ್ಟ್‌ನಲ್ಲಿ ಅಂಥ ಮಕ್ಕಳನ್ನು ಸೇರಿಸಿರಲಿಲ್ಲ). ಮಳೆಗಾಲದ ನಮ್ಮ ಡೆಂಗಿಯಲ್ಲಿ ಮಾತ್ರ ಭಾರಿ ಜೋಪಾನ ಬೇಕು. ಸೋರಿಕೆ ಒಂದೆರಡು ದಿನದಲ್ಲಿ ನಿಂತು, ಹೊರಗೆ ಹೋದ ನೀರೆಲ್ಲ ನಾಳಕ್ಕೆ ವಾಪಸ್ ಬರುತ್ತೆ. ಆಗಲೂ ಡ್ರಿಪ್ಸ್ ಓಡುತ್ತಿದ್ದರೆ ಕಷ್ಟ.

ಇನ್ನೆಷ್ಟು ಬೇಕು ಅಂತ ನೋಡೋಕೆ ಈಗ ಹಾಸಿಗೆ ಪಕ್ಕದಲ್ಲೇ ಸ್ಕ್ಯಾನ್ ಮಾಡುತ್ತಾರೆ, ಬೆರಳ ತುದಿ ಒತ್ತಿ ಬಿಟ್ಟು ಬಣ್ಣ ಮೂರು ಸೆಕೆಂಡಿನೊಳಗೆ ಮರಳುತ್ತಾ ಅಂತ ಎಣಿಸುತ್ತಾರೆ. ಇನ್ನೊಂದು ಲೆಕ್ಕ ಮೂತ್ರದ್ದು. "ಬೆಳಗ್ಗೆಯಿಂದ ಎಷ್ಟು ಸಲ ಹೋದರು?" ಅಂತ ಎಮರ್ಜೆನ್ಸಿ ಬಾಗಿಲಲ್ಲೇ ಕೇಳ್ತಾರಲ್ವಾ, ಅದಕ್ಕೆ ಉತ್ತರ ಇರೋದು ಮನೆಯವರ ಹತ್ತಿರ ಮಾತ್ರ.