ಅಸರ್ ನಮಾಜಿಗೆ ಎಷ್ಟುದ್ದದ ನೆರಳು?

ಏಪ್ರಿಲ್ ಕೊನೆಯ ವಾರದಲ್ಲಿ, ಸೂರ್ಯ ನೆತ್ತಿಯ ಮೇಲೆ ಬರುವ ದಿನ, ಬೆಂಗಳೂರಿನ ಯಾವುದಾದರೂ ಅಂಗಳದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ ನೋಡಿ. ಮಧ್ಯಾಹ್ನ 12.18ರ ಸುಮಾರಿಗೆ ನೆರಳು ಕೋಲಿನ ಬುಡದಲ್ಲೇ ಅಡಗಿರುತ್ತದೆ. ಆಮೇಲೆ ಅದು ಪೂರ್ವಕ್ಕೆ ಚಾಚಿಕೊಳ್ಳುತ್ತಾ ಹೋಗಿ, 3.22ರ ಹೊತ್ತಿಗೆ ಕೋಲಿನಷ್ಟೇ ಉದ್ದವಾಗುತ್ತದೆ, 4.38ರ ಹೊತ್ತಿಗೆ ಅದರ ಎರಡರಷ್ಟಾಗುತ್ತದೆ. ಕೆಲಸಕ್ಕೆಂದು ಮಂಗಳೂರಿನಿಂದಲೋ ಭಟ್ಕಳದಿಂದಲೋ ಬಂದು ಇಲ್ಲಿ ನೆಲೆಸಿದ, ಇಸ್ಲಾಮೀ ಧರ್ಮಶಾಸ್ತ್ರದ ಶಾಫಿಈ ಪದ್ಧತಿಯನ್ನು ಅನುಸರಿಸುವವರಿಗೆ ಮೊದಲ ಗಳಿಗೆಯಲ್ಲೇ ಅಸರ್, ಅಂದರೆ ಇಳಿಹೊತ್ತಿನ ನಮಾಜಿನ ಸಮಯ ಆರಂಭವಾಗಿರುತ್ತದೆ. ಆದರೆ ಇನ್ನೊಂದು ಪದ್ಧತಿಯಾದ ಹನಫಿಯನ್ನು ಅನುಸರಿಸುವ, ಅವರ ಮನೆಯ ಪಕ್ಕದ ಮಸೀದಿಯಲ್ಲಿ ಬಾಂಗ್ (ನಮಾಜಿನ ಕರೆ) ಕೇಳಬೇಕಾದರೆ ಇನ್ನೂ ಒಂದೂಕಾಲು ಗಂಟೆ ಕಾಯಬೇಕು. ಇಬ್ಬರ ಗಡಿಯಾರವೂ ಸರಿಯಾಗಿದೆ, ಇಬ್ಬರ ಲೆಕ್ಕವೂ ತಪ್ಪಿಲ್ಲ. ವ್ಯತ್ಯಾಸವಿರುವುದು ಎಷ್ಟುದ್ದದ ನೆರಳನ್ನು ಅಸರ್‌ನ ಆರಂಭವೆಂದು ಎಣಿಸಬೇಕು ಎಂಬಲ್ಲಿ, ಮತ್ತು ಈ ಪ್ರಶ್ನೆಗೆ ಸಾವಿರದ ಇನ್ನೂರು ವರ್ಷಗಳಿಗೂ ಹೆಚ್ಚಿನ ವಯಸ್ಸಾಗಿದೆ.

ನಮಾಜನ್ನು ನಿಗದಿತ ಸಮಯಗಳಲ್ಲಿ ವಿಶ್ವಾಸಿಗಳಿಗೆ ಕಡ್ಡಾಯಗೊಳಿಸಲಾಗಿದೆ ಎಂದು ಕುರ್‌ಆನಿನ ನಾಲ್ಕನೇ ಅಧ್ಯಾಯದ 103ನೇ ವಚನ ಹೇಳುತ್ತದೆಯೇ ಹೊರತು ನೆರಳಿನ ಅಳತೆಯನ್ನು ಅದು ಕೊಡುವುದಿಲ್ಲ. ಅಳತೆ ಸಿಗುವುದು ಹದೀಸ್‌ಗಳಲ್ಲಿ, ಅಂದರೆ ಪ್ರವಾದಿಯವರ ನಡೆನುಡಿಗಳ ವರದಿಗಳಲ್ಲಿ. ಅವುಗಳಲ್ಲಿ ಹೆಚ್ಚು ಪ್ರಸಿದ್ಧವಾದದ್ದು ದೇವದೂತ ಜಿಬ್ರೀಲರು ಎರಡು ದಿನ ಬಂದು ಪ್ರವಾದಿಯವರಿಗೆ ಇಮಾಮರಾಗಿ ನಿಂತು ನಮಾಜ್ ಮಾಡಿಸಿದ ಪ್ರಸಂಗ. ಮೊದಲ ದಿನ ಅಸರ್ ನಡೆದದ್ದು ಪ್ರತಿ ವಸ್ತುವಿನ ನೆರಳು ಅದರಷ್ಟೇ ಆದಾಗ; ಮರುದಿನ, ನೆರಳು ಎರಡರಷ್ಟಾದಾಗ. ಈ ಎರಡರ ನಡುವಿನದೇ ಸಮಯ ಎಂದು ಜಿಬ್ರೀಲರು ತಿಳಿಸಿದರು ಎಂದು ವರದಿಯಾಗಿದೆ. ಇಮಾಮ್ ಮಾಲಿಕ್, ಇಮಾಮ್ ಶಾಫಿಈ ಮತ್ತು ಇಮಾಮ್ ಅಹ್ಮದ್ ಬಿನ್ ಹಂಬಲ್ ಮೂವರೂ ಇದರ ಆಧಾರದ ಮೇಲೆ ಒಂದು ನೆರಳಿಗೆ ಅಸರ್ ಆರಂಭವಾಗುತ್ತದೆ ಎಂದರು. ಪ್ರವಾದಿಯವರು ಅಸರ್ ನಿರ್ವಹಿಸುವಾಗ ನನ್ನ ಕೋಣೆಯೊಳಗೆ ಇನ್ನೂ ಬಿಸಿಲಿರುತ್ತಿತ್ತು, ನೆರಳು ಮೇಲೇರಿರುತ್ತಿರಲಿಲ್ಲ ಎಂಬ, ಪ್ರವಾದಿಯವರ ಪತ್ನಿ ಆಯಿಷಾರವರ ಮಾತನ್ನೂ ಈ ಪಕ್ಷದವರು ಮುಂದಿಡುತ್ತಾರೆ.

ಕ್ರಿ.ಶ. 767ರಲ್ಲಿ ತೀರಿಕೊಂಡ, ಹನಫಿ ಪದ್ಧತಿಗೆ ಹೆಸರು ಕೊಟ್ಟ ಇಮಾಮ್ ಅಬೂ ಹನೀಫಾರವರ ಪ್ರಸಿದ್ಧ ಅಭಿಪ್ರಾಯ ಬೇರೆ. ಅವರ ಪ್ರಕಾರ ನೆರಳು ಎರಡರಷ್ಟಾಗುವವರೆಗೂ ಮಧ್ಯಾಹ್ನದ ಝುಹರ್‌ನ ಸಮಯವೇ ಮುಂದುವರಿಯುತ್ತದೆ. ಬಿಸಿಲು ತೀವ್ರವಾಗಿದ್ದಾಗ ಝುಹರನ್ನು ತಂಪಾಗುವವರೆಗೆ ತಡಮಾಡಿ ಎಂಬ ಹದೀಸ್ ಈ ಪಕ್ಷದ ಒಂದು ಆಧಾರ. ಅರೇಬಿಯಾದಲ್ಲಿ ಒಂದು ನೆರಳಿನ ಹೊತ್ತಿಗೆ ಎಲ್ಲಿಯ ತಂಪು ಎಂಬುದು ಅದರ ಹಿಂದಿರುವ ತರ್ಕ. ಇನ್ನೊಂದು ಆಧಾರ, ನನ್ನ ಕಣ್ಣಿಗೆ ಇಡೀ ಚರ್ಚೆಯಲ್ಲೇ ಹೆಚ್ಚು ಸ್ವಾರಸ್ಯವಾದದ್ದು, ಬುಖಾರಿಯವರ ಹದೀಸ್ ಸಂಗ್ರಹದಲ್ಲಿರುವ ಕೂಲಿಯಾಳುಗಳ ಉಪಮೆ. ಮಧ್ಯಾಹ್ನದಿಂದ ಅಸರ್‌ವರೆಗೆ ದುಡಿದವರು, ಅಸರ್‌ನಿಂದ ಸೂರ್ಯಾಸ್ತದವರೆಗೆ ದುಡಿದವರಿಗೆ ಸಿಕ್ಕ ಇಮ್ಮಡಿ ಕೂಲಿಯನ್ನು ಕಂಡು, ‘ನಮ್ಮ ದುಡಿಮೆ ಹೆಚ್ಚು, ಕೂಲಿ ಕಡಿಮೆ’ ಎಂದು ಗೊಣಗುತ್ತಾರೆ. ಅವರ ದೂರು ನಿಜವಾಗಬೇಕಾದರೆ ಮೊದಲ ಅವಧಿ ಎರಡನೆಯದಕ್ಕಿಂತ ಸ್ಪಷ್ಟವಾಗಿ ಉದ್ದವಿರಬೇಕು, ಎರಡು ನೆರಳಿನ ಲೆಕ್ಕದಲ್ಲಿ ಮಾತ್ರ ಅದು ಹಾಗಿರುತ್ತದೆ ಎಂಬುದು ಹನಫಿಗಳ ವಾದ. ಒಂದು ನೆರಳಿನ ಲೆಕ್ಕದಲ್ಲೂ ಮೊದಲ ಅವಧಿಯೇ ತುಸು ಉದ್ದ ಎಂಬುದು ಎದುರಿನವರ ಉತ್ತರ. ಕೌತುಕವೆಂದರೆ ಅಬೂ ಹನೀಫಾರವರ ಇಬ್ಬರು ಮುಖ್ಯ ಶಿಷ್ಯರಾದ ಅಬೂ ಯೂಸುಫ್ ಮತ್ತು ಮುಹಮ್ಮದ್ ಅಶ್ಶೈಬಾನಿ ಈ ವಿಷಯದಲ್ಲಿ ಗುರುವನ್ನು ಬಿಟ್ಟು ಒಂದು ನೆರಳಿನ ಪಕ್ಷಕ್ಕೆ ಸೇರಿದರು.

ಇಲ್ಲಿ ಒಂದು ವಿವರವನ್ನು ಮರೆಯುವಂತಿಲ್ಲ. ಮೇಲೆ ಹೇಳಿದ ಏಪ್ರಿಲ್ ದಿನದಂತೆ ನಡುಮಧ್ಯಾಹ್ನದ ನೆರಳು ಸೊನ್ನೆಯಾಗುವುದು ನಮ್ಮಲ್ಲಿ ವರ್ಷಕ್ಕೆ ಎರಡೇ ಬಾರಿ. ಡಿಸೆಂಬರ್‌ನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ನಡುಮಧ್ಯಾಹ್ನದಲ್ಲೇ ಕೋಲಿನ ಮುಕ್ಕಾಲು ಪಾಲಿನಷ್ಟು ನೆರಳು ಬಿದ್ದಿರುತ್ತದೆ. ಉರ್ದುವಿನಲ್ಲಿ ‘ಸಾಯಾ ಅಸ್ಲಿ’ ಎನ್ನುವ ಈ ಮೂಲ ನೆರಳನ್ನು ಕಳೆದೇ ಒಂದು ಅಥವಾ ಎರಡು ಎಂದು ಅಳೆಯಬೇಕು. ಹಾಗಾಗಿ ಎರಡು ಪಕ್ಷಗಳ ನಡುವಿನ ಅಂತರ ಏಪ್ರಿಲ್‌ನಲ್ಲಿ ಒಂದೂಕಾಲು ಗಂಟೆ ಇದ್ದದ್ದು ಡಿಸೆಂಬರ್‌ನಲ್ಲಿ ಐವತ್ತು ನಿಮಿಷಕ್ಕೆ ಇಳಿಯುತ್ತದೆ.

ಊರು ಮತ್ತು ಋತುವಿನೊಂದಿಗೆ ಬದಲಾಗುವ ಈ ಅಳತೆಯೇ ಮುಸ್ಲಿಂ ನಾಡುಗಳ ಖಗೋಳಜ್ಞರಿಗೆ ಮಸೀದಿಯಲ್ಲಿ ಕೆಲಸ ಕೊಟ್ಟಿತು. ಒಂಬತ್ತನೇ ಶತಮಾನದ ಬಾಗ್ದಾದಿನಲ್ಲಿ ಅಲ್-ಖ್ವಾರಿಜ್ಮಿ ನಮಾಜ್ ಸಮಯದ ಕೋಷ್ಟಕಗಳನ್ನು ಮಾಡಿದರು. ಹನ್ನೊಂದನೇ ಶತಮಾನದಲ್ಲಿ ಅಲ್-ಬಿರೂನಿ ನೆರಳುಗಳ ಮೇಲೆಯೇ ಒಂದು ಗ್ರಂಥ ಬರೆದರು. ಹದಿಮೂರನೇ ಶತಮಾನದಿಂದ ಈಜಿಪ್ಟ್, ಸಿರಿಯಾಗಳ ದೊಡ್ಡ ಮಸೀದಿಗಳಲ್ಲಿ ಸಮಯ ಗಣಿಸಲೆಂದೇ ‘ಮುವಕ್ಕಿತ್’ ಎಂಬ ಹುದ್ದೆ ಕಾಣಿಸಿಕೊಂಡಿತು. ದಮಾಸ್ಕಸ್‌ನ ಉಮಯ್ಯದ್ ಮಸೀದಿಯಲ್ಲಿ ಆ ಹುದ್ದೆಯಲ್ಲಿದ್ದ ಇಬ್ನುಶ್ಶಾತಿರ್ 1371ರ ಸುಮಾರಿಗೆ ಮಿನಾರಕ್ಕೆಂದು ಕೆತ್ತಿಸಿದ ಅಮೃತಶಿಲೆಯ ನೆರಳುಗಡಿಯಾರ ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಅಗಲದ್ದು.

ಕರ್ನಾಟಕಕ್ಕೆ ಈ ಎರಡು ಅಳತೆಗಳು ಎರಡು ದಾರಿಯಿಂದ ಬಂದವು. ಸಮುದ್ರದ ದಾರಿಯಲ್ಲಿ ಅರಬ್ ವರ್ತಕರೊಂದಿಗೆ ಬಂದದ್ದು ಶಾಫಿಈ ಮದ್‌ಹಬ್ (ಧರ್ಮಶಾಸ್ತ್ರ ಪದ್ಧತಿ). 1340ರ ದಶಕದ ಆರಂಭದಲ್ಲಿ ಈ ತೀರದಲ್ಲಿ ಸಂಚರಿಸಿದ ಮೊರಾಕೊದ ಪ್ರವಾಸಿ ಇಬ್ನ್ ಬತೂತಾ, ಹೊನ್ನಾವರದ ಮುಸ್ಲಿಮರು ಶಾಫಿಈಗಳೆಂದೇ ಬರೆದಿದ್ದಾನೆ. ಮಂಗಳೂರಿನಲ್ಲೂ ಅವನಿಗೆ ಸಿಕ್ಕ ಖಾಜಿ ಶಾಫಿಈಯೇ. ಇಂದಿಗೂ ಕರಾವಳಿಯ ದರ್ಸ್‌ಗಳಲ್ಲಿ (ಮಸೀದಿಯ ಧಾರ್ಮಿಕ ಪಾಠಗಳಲ್ಲಿ) ಓದಿಸುವ, ಹದಿನಾರನೇ ಶತಮಾನದಲ್ಲಿ ಕೇರಳದ ಪೊನ್ನಾನಿಯ ಝೈನುದ್ದೀನ್ ಮಖ್ದೂಮರು ಬರೆದ ‘ಫತ್‌ಹುಲ್ ಮುಈನ್’ ಅದೇ ಪರಂಪರೆಯದು. ಘಟ್ಟದ ಮೇಲಿನ ಬಯಲುಸೀಮೆಗೆ ಹನಫಿ ಪದ್ಧತಿ ಬಂದದ್ದು ಉತ್ತರದಿಂದ, ದಖ್ಖನಿನ ನೆಲದ ದಾರಿಯಲ್ಲಿ. ಬಹುಕಾಲ ಘಟ್ಟವೇ ಇಬ್ಬರ ನಡುವಿನ ಗೆರೆಯಾಗಿದ್ದರಿಂದ, ಅಸರ್ ಯಾವಾಗ ಎಂದು ನೆರೆಮನೆಯವರನ್ನು ಕೇಳುವ ಪ್ರಮೇಯ ಹೆಚ್ಚಿನವರಿಗೆ ಬರಲಿಲ್ಲ.

ಆ ಗೆರೆಯನ್ನು ಅಳಿಸಿದ್ದು ಬಸ್ಸು, ಕಾಲೇಜು ಮತ್ತು ಗಲ್ಫ್ ನೌಕರಿ. ಗಲ್ಫ್ ದೇಶಗಳಲ್ಲಿ ಬಾಂಗ್ ಆಗುವುದು ಒಂದು ನೆರಳಿಗೆ. ಅಲ್ಲಿಗೆ ಹೋದ ಬೆಂಗಳೂರಿನ ಹನಫಿ ಯುವಕನಿಗೆ ಆಗುವ ಗೊಂದಲ, ಬೆಂಗಳೂರಿಗೆ ಬಂದ ಉಳ್ಳಾಲದ ಹುಡುಗನ ಗೊಂದಲದ ಕನ್ನಡಿಬಿಂಬ. ಮೊಬೈಲಿನ ನಮಾಜ್ ಆ್ಯಪ್‌ಗಳಲ್ಲಿ ಅಸರ್ ಎದುರು ‘ಸ್ಟ್ಯಾಂಡರ್ಡ್’, ‘ಹನಫಿ’ ಎಂಬ ಎರಡು ಆಯ್ಕೆಗಳಿರುತ್ತವೆ. ಮೊದಲನೆಯದಕ್ಕೆ ಇಟ್ಟ ಆ ಹೆಸರು ಎರಡನೆಯದನ್ನು ವಿನಾಕಾರಣ ಅಪವಾದವಾಗಿಸುತ್ತದೆ ಎಂಬುದು ನನ್ನ ಆಕ್ಷೇಪ.

ಹಾಗಾದರೆ ಪರವೂರಿನಲ್ಲಿ ಏನು ಮಾಡಬೇಕು? ಶಾಫಿಈ ವ್ಯಕ್ತಿಗೆ ಉತ್ತರ ಸುಲಭ. ಹನಫಿ ಜಮಾಅತ್ (ಸಾಮೂಹಿಕ ನಮಾಜ್) ನಡೆಯುವಾಗ ಅವರ ಲೆಕ್ಕದ ಅಸರ್ ಸಮಯ ಇನ್ನೂ ಇದ್ದೇ ಇರುತ್ತದೆ. ಉತ್ತಮ ಸಮಯ ದಾಟಿರಬಹುದು, ಆದರೆ ನಮಾಜ್ ಸಿಂಧು. ಹನಫಿಗೆ ಪ್ರಶ್ನೆ ಹೆಚ್ಚು ಬಿಗಿ, ಏಕೆಂದರೆ ಸಮಯಕ್ಕೆ ಮುಂಚೆ ಮಾಡಿದ ನಮಾಜ್ ಸಲ್ಲುವುದಿಲ್ಲ. ಆದರೂ ಹಜ್ಜಿಗೆ ಹೋದ ಹನಫಿಗಳು ಮಕ್ಕಾ, ಮದೀನಾಗಳ ಜಮಾಅತ್‌ನಲ್ಲಿ ಒಂದು ನೆರಳಿಗೇ ಅಸರ್ ನಿರ್ವಹಿಸಬಹುದೆಂದು ಹಲವು ಹನಫಿ ಮುಫ್ತಿಗಳು ಅನುಮತಿಸುತ್ತಾರೆ. ಅದಕ್ಕೆ ಅವರಿಗೆ ಒದಗುವುದು ಗುರುವನ್ನು ಒಪ್ಪದ ಆ ಇಬ್ಬರು ಶಿಷ್ಯರ ಅಭಿಪ್ರಾಯ. 1836ರಲ್ಲಿ ತೀರಿಕೊಂಡ ದಮಾಸ್ಕಸ್‌ನ ಹನಫಿ ವಿದ್ವಾಂಸ ಇಬ್ನ್ ಆಬಿದೀನ್ ದಾಖಲಿಸಿರುವ ಎಚ್ಚರಿಕೆಯ ಮಾರ್ಗ ಇನ್ನೊಂದಿದೆ: ಒಂದು ನೆರಳಾಗುವ ಮೊದಲೇ ಝುಹರ್ ಮುಗಿಸುವುದು, ಎರಡು ನೆರಳಾದ ಮೇಲಷ್ಟೇ ಅಸರ್‌ಗೆ ನಿಲ್ಲುವುದು. ಈ ಕ್ರಮ ಹಿಡಿದವರ ಏಪ್ರಿಲ್ ಮಧ್ಯಾಹ್ನದಲ್ಲಿ 3.22ರಿಂದ 4.38ರವರೆಗಿನ ಹೊತ್ತಿನಲ್ಲಿ ಝುಹರೂ ಇಲ್ಲ, ಅಸರೂ ಇಲ್ಲ.